ಬೀದಿಗೊಂದು ಗುಟುಕು

ಊರಿಗೆ ಊರೇ ಅವನನ್ನು ಮೈಕು ಎಂದು ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರೊಂದು ಇರಲಿಲ್ಲವೆಂದಲ್ಲ. ಇತ್ತು; ಉದ್ದನೆಯದು, ಗಂಭೀರವಾದದ್ದು, ಕೂಗುವುದಕ್ಕೆಂದೇ ಹೇಳಿ ಮಾಡಿಸಿದಂಥದ್ದು. ಆದರೆ ಶಾಲೆಯಲ್ಲಿ ಮೇಷ್ಟರು ಹಾಜರಿ ಕರೆದದ್ದೇ ಕಡೆ, ಆಮೇಲೆ ಅದನ್ನು ಯಾರೂ ಬಳಸಲಿಲ್ಲ. ಹೆಂಡತಿಗೆ 'ರೀ' ಸಾಕಾಗಿತ್ತು. ಹೆಂಡತಿಯ ತಮ್ಮನಿಗೆ ಅವನು 'ಭಾವ', ಮಾವನಿಗೆ 'ಅಳಿಯ', ಮಿಕ್ಕವರಿಗೆಲ್ಲ 'ಮೈಕು'.

ಕಸುಬೂ ಅದೇ. ಒಂದು ಹಳೆಯ ವ್ಯಾನು, ಅದರ ನೆತ್ತಿಯ ಮೇಲೆ ಎರಡು ತಗಡಿನ ಕಹಳೆ, ಒಳಗೊಂದು ಬ್ಯಾಟರಿ, ಸೀಟಿನ ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ನಾಳೆ ಕರೆಂಟು ಇರುವುದಿಲ್ಲ, ಚಪ್ಪಲಿ ಅಂಗಡಿಯಲ್ಲಿ ಅರ್ಧ ಬೆಲೆ, ನಿವೃತ್ತ ತಪಾಲು ಮಾಸ್ತರರು ತೀರಿಕೊಂಡರು, ಕಂದು ಬಣ್ಣದ ನಾಯಿ ಕಳೆದಿದೆ — ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ದನಿಯೆಂದರೆ ಅದು ದನಿ. ಚಪ್ಪಲಿಯ ಬೆಲೆ ಹೇಳಿದರೂ ಕೇಳಿದವರು ಒಂದು ಕ್ಷಣ ಎದ್ದು ನಿಲ್ಲಬೇಕು, ಅಂಥದ್ದು. ಅದನ್ನು ಕಾಪಾಡಿಕೊಳ್ಳಲು ಅವನಿಗೆ ಕಸುಬು ಕಲಿಸಿದ ಮುದುಕ ಒಂದೇ ಒಂದು ನಿಯಮ ಹೇಳಿಕೊಟ್ಟಿದ್ದ: ಬೀದಿಗೊಂದು ಗುಟುಕು. ಒಂದು ಬೀದಿ ಕೂಗಿ ಮುಗಿಸಿದರೆ ಒಂದು ಗುಟುಕು ಬಿಸಿನೀರು. ಮುಂದಿನ ಬೀದಿಗೆ ಬೆಂಕಿ ಬಿದ್ದಿದ್ದರೂ ಮೊದಲು ಗುಟುಕು, ಆಮೇಲೆ ಬೆಂಕಿ. ಮೈಕು ಇದನ್ನು ಎಂದೂ ತಪ್ಪಿದವನಲ್ಲ.

ಚುನಾವಣೆ ಬಂತೆಂದರೆ ಅವನಿಗೆ ಸುಗ್ಗಿ. ಬೆಳಿಗ್ಗೆ ಗಿರಣಿ ಸಾಹುಕಾರನ ಪರ, ಮಧ್ಯಾಹ್ನ ವಕೀಲರ ಪರ. ಇಬ್ಬರಿಗೂ ಅದೇ ದನಿ, ಅದೇ ಬಿರುದು: "ಸರಳರೂ, ಸಜ್ಜನರೂ, ದೀನಬಂಧುಗಳೂ, ನಿಮ್ಮ ಮನೆಯ ಮಗನೂ ಆದ..." ಹೆಸರು ಮಾತ್ರ ಬೇರೆ. ಒಮ್ಮೆ ಬೇಕರಿಯವನು ತಡೆದು ಕೇಳಿಯೇ ಬಿಟ್ಟಿದ್ದ.

"ಅಲ್ಲಯ್ಯಾ, ಬೆಳಿಗ್ಗೆ ಅವರೊಬ್ಬರೇ ಸಜ್ಜನ ಅಂದೆ. ಈಗ ಇವರೊಬ್ಬರೇ ಅಂತೀಯಲ್ಲ?"

"ಬೆಳಿಗ್ಗೆ ಕೂಗಿದ್ದು ಬೆಳಿಗ್ಗೆಗೆ. ನೀನು ಬೆಳಗಿನ ಬ್ರೆಡ್ಡನ್ನ ಸಂಜೆಗೂ ಬಿಸಿ ಬಿಸಿ ಅಂತಾನೇ ಮಾರಲ್ವಾ?" ಎಂದು ಮೈಕು ಒಂದು ಗುಟುಕು ಕುಡಿದು ಮುಂದೆ ಹೋಗಿದ್ದ.

ಕಾಸು ತೆಗೆದುಕೊಳ್ಳದೆ ಅವನು ಕೂಗುತ್ತಿದ್ದದ್ದು ಒಬ್ಬರಿಗಾಗಿ ಮಾತ್ರ. ಅದು ಮಾವ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತಿಯಾದ ಮೇಲೆ ಮಗಳ ಮನೆಯಲ್ಲೇ ಇದ್ದ ಆ ಹಿರಿಯನಿಗೆ ಇತ್ತೀಚೆಗೆ ಮರೆವು ಹತ್ತಿಕೊಂಡಿತ್ತು. ಮುಖಗಳು ಜಾರಿ ಹೋಗುತ್ತಿದ್ದವು, ದಾರಿಗಳು ಜಾರಿ ಹೋಗುತ್ತಿದ್ದವು. ಬಾಳೆಲ್ಲ ಸೀಟಿ ಕೇಳಿದ ಕಿವಿಯಲ್ಲವೇ, ದನಿ ಮಾತ್ರ ಉಳಿದಿತ್ತು. ಬಾಗಿಲು ತೆರೆದಿದ್ದರೆ ಎಲ್ಲಿಗೋ ನಡೆದುಬಿಡುತ್ತಿದ್ದರು. ಹುಡುಕುವ ಗೋಜೇ ಇರಲಿಲ್ಲ. ಮೈಕು ವ್ಯಾನು ಹತ್ತಿ, "ಮಾವಾ, ಕಾಫಿ ಆರಿ ಹೋಗ್ತಾ ಇದೆ, ಮನೆಗೆ ಬನ್ನೀ..." ಎಂದು ಎಳೆದು ಕೂಗಿದರೆ ಮುಗಿಯಿತು. ಯಾವುದೋ ಸಂದಿಯಿಂದ ಅವರು ಕೋಲು ಬೀಸುತ್ತ ಬರುತ್ತಿದ್ದರು.

"ಬಂದೆ ಕಣಯ್ಯಾ, ಬಂದೆ! ನನ್ನ ಕಾಫಿ ಸುದ್ದಿ ಊರಿಗೆಲ್ಲ ಯಾಕೆ?" ಎಂದು ಬೈಯುತ್ತ ವ್ಯಾನು ಹತ್ತುತ್ತಿದ್ದರು. ಅಳಿಯನ ಪಕ್ಕ ಕೂತು, ಅವನ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು, ರಾಜನ ಹಾಗೆ ಮನೆಗೆ ಬರುತ್ತಿದ್ದರು.

ಹೀಗೆ ಸುಖವಾಗಿದ್ದವನ ತಲೆ ಕೆಟ್ಟದ್ದು ಗಿರಣಿ ಸಾಹುಕಾರನ ವಿಜಯೋತ್ಸವದ ದಿನ. ಗೆದ್ದ ಸಾಹುಕಾರ ವೇದಿಕೆಯ ಮೇಲೆ ನಿಂತು ಒಬ್ಬೊಬ್ಬರ ಹೆಸರು ಹಿಡಿದು ವಂದನೆ ಹೇಳಿದ. ಕುರ್ಚಿ ಬಾಡಿಗೆ ಕೊಟ್ಟವನ ಹೆಸರು ಹೇಳಿದ. ದೀಪದವನ ಹೆಸರು ಹೇಳಿದ. ನೀರು ತುಂಬಿದ ಹೆಂಗಸಿನ ಹೆಸರು ಮರೆತು, ಕೇಳಿಕೊಂಡು, ಹೇಳಿದ. ಕಡೆಗೆ ಮೈಕಿನ ಮೇಲೆ ಬೆರಳು ಬಡಿದು, "ಮತ್ತೆ ಈ ಮೈಕು. ಇದಕ್ಕೂ ವಂದನೆ" ಎಂದು ಕೂತ. ಪಕ್ಕದಲ್ಲೇ ನಿಂತಿದ್ದ ಮೈಕುವಿಗೆ, ವಂದನೆ ಸಂದದ್ದು ತನಗೋ ಆ ಕಬ್ಬಿಣದ ಕೋಲಿಗೋ ತಿಳಿಯಲಿಲ್ಲ.

ಅಂದಿನಿಂದ ಅವನಿಗೆ ಒಂದೇ ಹಟ. ಒಂದು ಸಲ, ಒಂದೇ ಒಂದು ಸಲ, ಎಲ್ಲ ಬಿರುದುಗಳೊಂದಿಗೆ ತನ್ನ ಹೆಸರನ್ನು ತನ್ನ ದನಿಯಲ್ಲೇ ಊರಿಗೆ ಕೇಳಿಸಬೇಕು. ಸುಮ್ಮನೆ ಕೂಗಿಬಿಡಬಹುದಿತ್ತಲ್ಲ ಎನ್ನುವವರಿಗೆ ಈ ಕಸುಬಿನ ಮರ್ಮ ಗೊತ್ತಿಲ್ಲ. ವ್ಯಾನಿನಲ್ಲಿ ಒಬ್ಬನ ಹೆಸರು ಕೂಗಿದರೆ ಒಂದೋ ಅವನು ಕಳೆದುಹೋಗಿರಬೇಕು, ಇಲ್ಲವೇ ಸತ್ತಿರಬೇಕು, ಇಲ್ಲವೇ ಚುನಾವಣೆಗೆ ನಿಂತಿರಬೇಕು. ಕಳೆದುಹೋಗಲು ಮೈಕುವಿಗೆ ಪುರುಸೊತ್ತಿರಲಿಲ್ಲ, ಸಾಯಲು ಮನಸ್ಸಿರಲಿಲ್ಲ. ಹಾಗಾಗಿ ಮುಂದಿನ ವಿಧಾನಸಭೆ ಚುನಾವಣೆ ಘೋಷಣೆಯಾದ ವಾರವೇ, ಹೊಸ ಕಹಳೆಗೆಂದು ಕೂಡಿಟ್ಟಿದ್ದನ್ನು ಠೇವಣಿಗೆ ಕಟ್ಟಿ, ಪಕ್ಷೇತರನಾಗಿ ನಾಮಪತ್ರ ಹಾಕಿ ಬಂದ.

ಚಿಹ್ನೆ ಹಂಚುವ ದಿನ ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು.

"ಯಾವ ಚಿಹ್ನೆ ಬೇಕು?"

"ಕಹಳೆ, ಸಾರ್."

"ಕಹಳೆ ಇಲ್ಲ. ಬಾಲ್ದಿ ಇದೆ, ಏಣಿ ಇದೆ, ಬೀಗ ಇದೆ."

"ಗಂಟೆನಾದ್ರೂ ಕೊಡಿ ಸಾರ್. ಸದ್ದು ಮಾಡೋ ಅಂಥದ್ದು ಯಾವುದಾದ್ರೂ."

"ರೀ, ಇದು ಚುನಾವಣಾ ಕಚೇರಿ, ಪಾತ್ರೆ ಅಂಗಡಿ ಅಲ್ಲ. ಬೀಗ ತಗೊಳ್ಳಿ. ಮುಂದಿನವರು ಬನ್ನಿ!"

ಬೀಗ ಹಿಡಿದು ಹೊರಬಂದವನನ್ನು ಸಾಹುಕಾರನ ಕಾರು ಎತ್ತಿಕೊಂಡು ಹೋಯಿತು.

"ವಕೀಲ ನಿನ್ನನ್ನ ನಿಲ್ಲಿಸಿದ್ದಾನೆ. ಹೌದೋ ಅಲ್ವೋ?"

"ಇಲ್ಲ ಸಾಹುಕಾರ್ರೇ. ಒಂದು ಸಲ ನನ್ನ ಹೆಸರು ನಾನೇ ಕೂಗ್ಕೋಬೇಕು ಅಂತ ಆಸೆ, ಅಷ್ಟೇ."

"ಅದಕ್ಕೆ ಚುನಾವಣೆ ಯಾಕೋ? ಬಚ್ಚಲಲ್ಲಿ ಕೂಗ್ಕೋ! ನಾನು ದಿನಾ ಕೂಗ್ಕೋತೀನಿ."

ಸಾಹುಕಾರ ನಂಬಲಿಲ್ಲ. ಮರುದಿನ ವಕೀಲರೂ ಕರೆಸಿ, ಸಾಹುಕಾರನೇ ನಿನ್ನನ್ನು ನಿಲ್ಲಿಸಿದ್ದಾನೆಂದು ಅಡ್ಡಸವಾಲು ಹಾಕಿದರು; ನಿಜ ಹೇಳಿದ್ದಕ್ಕೆ, "ಸಾಕ್ಷಿ ಸುಳ್ಳು ಹೇಳ್ತಿದ್ದಾನೆ" ಎಂದು ಗೋಡೆಗೆ ಹೇಳಿದರು. ರಾಜಕೀಯದಲ್ಲಿ ನಿಜ ಹೇಳಿದವನ ಮೇಲೆ ಬರುವಷ್ಟು ಅನುಮಾನ ಕಳ್ಳನ ಮೇಲೂ ಬರುವುದಿಲ್ಲ.

ಮನೆಯಲ್ಲಿ ಹೆಂಡತಿ ಒಂದೇ ಮಾತು ಕೇಳಿದಳು: "ಗೆದ್ದುಬಿಟ್ರೆ ಏನ್ರೀ ಮಾಡ್ತೀರಾ?"

"ಹುಚ್ಚಿ. ನಾನೆಲ್ಲಿ ಗೆಲ್ತೀನಿ!"

ಅವಳ ತಮ್ಮ ಮಾತ್ರ ಯೋಚನೆಗೆ ಬಿದ್ದ. ಮಹಡಿಯ ಮೇಲಿನ ಕೋಣೆಯಲ್ಲಿದ್ದ ಈ ಭಾವಮೈದ ವಿಮೆ ಮಾರುವವನು. ಆರೋಗ್ಯವಾಗಿ ಎದುರಿಗೆ ನಿಂತವನನ್ನು ನೋಡಿದ ಕೂಡಲೇ ಇವನಿಗೆ ಏನೇನು ಅನಾಹುತ ಆಗಬಹುದೆಂದು ಲೆಕ್ಕ ಹಾಕುವುದು ಅವನ ವೃತ್ತಿ.

ಪ್ರಚಾರದ ದಿನ ಬಂತು. ಮೈಕು ವ್ಯಾನು ತೊಳೆದ, ತಲೆ ಬಾಚಿದ, ಮಾವನ ಆಶೀರ್ವಾದ ಪಡೆದ, ಚಿಹ್ನೆ ತೋರಿಸಲೆಂದು ಮನೆಯ ಬೀಗವನ್ನು ಕೈಗೆತ್ತಿಕೊಂಡ. ಅವನ ಯೋಜನೆ ಹೀಗಿತ್ತು: ಎಲ್ಲ ಬೀದಿಗಳಲ್ಲೂ ಬರೀ ಬಿರುದು ಹೇಳಿ ಆಸೆ ಹುಟ್ಟಿಸುವುದು, ಹೆಸರನ್ನು ಮಾತ್ರ ಸಂಜೆ ದೊಡ್ಡ ಚೌಕದಲ್ಲಿ, ಜನ ಕಿಕ್ಕಿರಿದಾಗ ಬಿಡುವುದು. ಮೊದಲ ಬೀದಿಯಲ್ಲಿ "ಸರಳರೂ" ಎಂದ. ಯಾರದೋ ಪರವಾಗಿ ಸಾವಿರ ಸಲ ಹೇಳಿದ ಮಾತು, ತನ್ನ ಮೇಲೆ ಬಿದ್ದಾಗ ರುಚಿಯೇ ಬೇರೆ. "ಸಜ್ಜನರೂ" ಎಂದ, ಕಣ್ಣು ತುಂಬಿಬಂತು. "ದೀನಬಂಧುಗಳೂ" ಎಂದಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಗಿರಣಿ ಬೀದಿ, ಬೇಕರಿ ಬೀದಿ, ಆಸ್ಪತ್ರೆ ಬೀದಿ, ಕಾಲುವೆ ದಡದ ಬೀದಿಗಳು, ಒಂದನ್ನೂ ಬಿಡಲಿಲ್ಲ. ಬಿರುದುಗಳು ಬೆಳೆಯುತ್ತ ಹೋದವು. ಫ್ಲಾಸ್ಕು ಮಾತ್ರ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಸಾಹುಕಾರನಿಗೆ ಕೂಗುವಾಗ ಮರೆಯದ ಗುಟುಕು, ವಕೀಲರಿಗೆ ಕೂಗುವಾಗ ಮರೆಯದ ಗುಟುಕು, ತನಗೆ ಕೂಗಿಕೊಳ್ಳುವಾಗ ಮರೆತು ಹೋಯಿತು.

ದೊಡ್ಡ ಚೌಕದಲ್ಲಿ ಜನ ಸೇರಿದ್ದರು. ಮೈಕು ವ್ಯಾನಿನ ಮೇಲೆ ಹತ್ತಿ ನಿಂತ.

"ಸರಳರೂ, ಸಜ್ಜನರೂ, ದೀನಬಂಧುಗಳೂ, ಕ್ಷೇತ್ರದ ಕಣ್ಮಣಿಯೂ, ನಿಮ್ಮ ಮನೆಯ ಮಗನೂ ಆದ, ನಮ್ಮ, ನಿಮ್ಮ, ನೆಚ್ಚಿನ..."

ಅಲ್ಲಿಗೆ ನಿಂತಿತು. ಬಾಯಿ ತೆರೆದೇ ಇತ್ತು, ತುಟಿ ಆಡುತ್ತಿತ್ತು, ಕಹಳೆಯಿಂದ ಬಂದದ್ದು ಬರೀ ಗಾಳಿ. ಜನ ಕಾದರು. ಬೇಕರಿಯವನು ಕಿವಿಗೆ ಕೈ ಹಚ್ಚಿಕೊಂಡು ಕಾದ. ಮೈಕು ಎದೆ ಮುಟ್ಟಿಕೊಂಡ, ಗಂಟಲು ಮುಟ್ಟಿಕೊಂಡ, ಕಣ್ಣಲ್ಲಿ ನೀರು ತಂದುಕೊಂಡ, ಕೊನೆಗೆ ಕೈಯಲ್ಲಿದ್ದ ಬೀಗವನ್ನು ಮೇಲೆತ್ತಿ ತೋರಿಸಿ ಇಳಿದುಬಿಟ್ಟ.

ಮೈಕುವಿನ ಪಕ್ಕದ ಮನೆಯ ಟೀಚರಮ್ಮ ಮೊದಲು ಬಾಯಿಬಿಟ್ಟರು.

"ನೋಡಿದ್ರಾ? ತನ್ನ ಹೆಸರನ್ನ ತಾನೇ ಹೇಳ್ಕೊಳ್ಳೋಕೆ ಆ ಮನುಷ್ಯನಿಗೆ ನಾಚಿಕೆ ಆಯ್ತು. ಇಂಥವರೂ ಇದ್ದಾರಾ!"

"ಅತ್ತುಬಿಟ್ಟ ಪಾಪ," ಎಂದ ಬೇಕರಿಯವನು. "ಬಿರುದೆಲ್ಲ ಹೇಳಿದ, ಹೆಸರು ಬಂದಾಗ ಬೀಗ ತೋರಿಸಿದ. ಅಂದ್ರೆ ಏನರ್ಥ? ಬಾಯಿ ಮುಚ್ಕೊಂಡು ಕೆಲಸ ಮಾಡ್ತೀನಿ ಅಂತ."

ಇಷ್ಟು ಅರ್ಥ ಮೈಕುವಿಗೇ ಗೊತ್ತಿರಲಿಲ್ಲ. ಡಾಕ್ಟರು ಗಂಟಲೊಳಗೆ ಟಾರ್ಚು ಬಿಟ್ಟು ನೋಡಿ, ಚುನಾವಣೆ ಮುಗಿಯುವವರೆಗೆ ಒಂದಕ್ಷರ ಆಡಕೂಡದೆಂದರು. ಅದೇ ಹೊತ್ತಿಗೆ ಸಾಹುಕಾರನಿಗೂ ವಕೀಲರಿಗೂ ಒಂದು ಇಕ್ಕಟ್ಟು ಎದುರಾಗಿತ್ತು. ಊರಿಗಿದ್ದ ಒಬ್ಬನೇ ಕೂಗುವವನು ಅಭ್ಯರ್ಥಿಯಾಗಿಬಿಟ್ಟಿದ್ದ. ಇಬ್ಬರೂ ಪರವೂರುಗಳಿಂದ ವ್ಯಾನು ತರಿಸಿದರು. ಒಬ್ಬ ತಂದದ್ದಕ್ಕಿಂತ ಇನ್ನೊಬ್ಬ ಹೆಚ್ಚು ತಂದ, ಅದಕ್ಕಿಂತ ಈತ ಹೆಚ್ಚು ತಂದ. ಒಂದೊಂದು ಬೀದಿಯಲ್ಲೂ ಎದುರುಬದುರು ವ್ಯಾನುಗಳು ನಿಂತು ಕೂಗಿದವು. ಹಾಲು ಕರೆಯುವ ಹಸು ಒದೆಯತೊಡಗಿತು, ಆಸ್ಪತ್ರೆಯಲ್ಲಿ ಗುಣವಾಗಿದ್ದವರು ಮತ್ತೆ ಮಲಗಿದರು, ಟೀಚರಮ್ಮ ಪಾಠವನ್ನು ಸನ್ನೆಯಲ್ಲೇ ಮಾಡಿದರು. ಆ ಗದ್ದಲದ ನಡುವೆ ಮೈಕುವಿನ ವ್ಯಾನು ಮಾತ್ರ ಸದ್ದಿಲ್ಲದೆ ನಿಧಾನವಾಗಿ ಹೋಗುತ್ತಿತ್ತು. ಒಳಗೆ ಅವನು ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು, ಬೀಗ ಎತ್ತಿ ತೋರಿಸುತ್ತ ಕೂತಿರುತ್ತಿದ್ದ. ಅವನು ಬಂದ ಬೀದಿಯಲ್ಲಿ ಜನ ಕಿಟಕಿ ತೆರೆಯುತ್ತಿದ್ದರು.

ವ್ಯಾನಿನ ಎರಡೂ ಬದಿಗೆ ಭಾವಮೈದ ತನ್ನ ಕೈಯಾರೆ ಬರೆದು ಅಂಟಿಸಿದ್ದ: "ಬಾಯಿಗೆ ಬೀಗ, ಕೆಲಸ ಬೇಗ."

ಮೈಕು ಗೆದ್ದ. ಸಾಹುಕಾರನಿಗೂ ವಕೀಲರಿಗೂ ಬಿದ್ದ ಮತ ಕೂಡಿಸಿದರೂ ಅವನ ಮತದ ಸಮಕ್ಕೆ ಬರಲಿಲ್ಲ. ಎಣಿಕೆ ಕೇಂದ್ರದಲ್ಲಿ ಅಧಿಕಾರಿ ಅವನ ಪೂರ್ತಿ ಹೆಸರನ್ನು ಮೈಕಿನಲ್ಲಿ ಓದಿದರು. ಯಾರದು ಎಂದು ಯಾರಿಗೂ ತಿಳಿಯದೆ ಒಂದು ಗಳಿಗೆ ಚಪ್ಪಾಳೆಯೇ ಬೀಳಲಿಲ್ಲ. ಅಧಿಕಾರಿ "ಅದೇ, ಬೀಗ" ಎಂದ ಮೇಲೆ ಬಿತ್ತು. ಹೆಂಡತಿ ಬಾಗಿಲಲ್ಲಿ ನಿಂತು, "ನಾನು ಕೇಳಿದ್ದೆ ಅಲ್ವಾ? ಈಗ ಏನ್ರೀ ಮಾಡ್ತೀರಾ?" ಎಂದಳು. ಮೈಕು ಗಂಟಲು ತೋರಿಸಿದ.

ಗಂಟಲು ಸ್ವಲ್ಪ ದಿನದಲ್ಲೇ ಸರಿಹೋಯಿತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ "ಹಲೋ" ಎಂದು ನೋಡಿದ. ಬಚ್ಚಲ ಹೆಂಚು ಅದುರಿತು. ಸಂತೋಷದಿಂದ ಹೊರಗೆ ಓಡಿ ಬಂದವನ ಬಾಯಿಗೆ ಭಾವಮೈದ ಟವೆಲು ಒತ್ತಿದ.

"ಭಾವಾ, ಸದ್ದು! ಪೇಪರಿನವರು ಕೂತಿದ್ದಾರೆ. ಕಾಲುವೆಗೆ ಸೇತುವೆ ಬರೋವರೆಗೂ ನೀವು ಮೌನವ್ರತ ಅಂತ ಈಗ ತಾನೇ ಹೇಳ್ಬಿಟ್ಟೆ."

ಊರನ್ನು ಎರಡು ಹೋಳು ಮಾಡಿದ್ದ ಆ ಕಾಲುವೆಯ ಮೇಲೆ ಇದ್ದದ್ದು ಒಂದು ಹಳೆಯ ಮರದ ಹಲಗೆಯ ದಾರಿ. ಸೇತುವೆಯ ಕನಸು ಊರಿನಷ್ಟೇ ಹಳೆಯದು. ಮೈಕು ಟವೆಲಿನೊಳಗಿಂದ ಏನೋ ಗುರುಗುಟ್ಟಿದ.

"ಭಾವಾ, ಜನ ಮತ ಹಾಕಿದ್ದು ನಿಮಗಲ್ಲ, ನಿಮ್ಮ ಮೌನಕ್ಕೆ. ಬಾಯಿಬಿಟ್ರೆ ನೀವೂ ಸಾಹುಕಾರನೂ ಒಂದೇ. ಸ್ವಲ್ಪ ದಿನ ತಡ್ಕೊಳ್ಳಿ, ಸೇತುವೆ ಬರುತ್ತೆ, ಆಮೇಲೆ ಬೇಕಾದಷ್ಟು ಕೂಗಿ."

ಅದು ತರ್ಕವೋ ವಿಮೆಯೋ ತಿಳಿಯದೆ ಮೈಕು ಒಪ್ಪಿಕೊಂಡ. ಪ್ರಮಾಣವಚನದ ದಿನ, ವಿಧಾನಸಭೆಯ ತುಂಬಿದ ಸಭೆಯಲ್ಲಿ, ಅವನ ಮುಂದೆ ಒಂದು ಮೈಕು ಇತ್ತು. ಅಂಥದ್ದನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಸಣ್ಣದು, ಸಪೂರ, ತುದಿಯಲ್ಲೊಂದು ಕೆಂಪು ದೀಪ. ವಚನ ಶುರುವಾಗುವುದೇ 'ನಾನು' ಎಂದು, ಆಮೇಲೆ ಅವನ ಹೆಸರು. ಇಡೀ ರಾಜ್ಯಕ್ಕೆ ಕೇಳಿಸಬಹುದಿತ್ತು. ಪ್ರೇಕ್ಷಕರ ಸಾಲಿನಿಂದ ಭಾವಮೈದ ತುಟಿಯ ಮೇಲೆ ಬೆರಳಿಟ್ಟ. ಮೈಕು ತುಟಿ ಆಡಿಸಿದ. ಸಭಾಧ್ಯಕ್ಷರು ದೊಡ್ಡ ಮನಸ್ಸು ಮಾಡಿ "ಆಯಿತು, ಆಯಿತು" ಎಂದರು.

ಇನ್ನು ಸೇತುವೆಯ ವಿಷಯ. ಸೇತುವೆ ಬೇಕೆಂದರೆ ಸಭೆಯಲ್ಲಿ ಎದ್ದು ಕೇಳಬೇಕು. ಕೇಳಬೇಕೆಂದರೆ ಬಾಯಿಬಿಡಬೇಕು. ಬಾಯಿಬಿಡಬೇಕೆಂದರೆ ಸೇತುವೆ ಬಂದಿರಬೇಕು. ಲೋಕೋಪಯೋಗಿ ಮಂತ್ರಿಗಳು ಒಳ್ಳೆಯವರೇ. ಒಂದು ದಿನ ಅವರೇ ಎದ್ದು ನಿಂತರು.

"ಮಾನ್ಯ ಸದಸ್ಯರು ಒಂದೇ ಒಂದು ಮಾತು ಕೇಳಲಿ, ಇವತ್ತೇ ಮಂಜೂರು ಮಾಡುತ್ತೇನೆ. ಕೇಳದವರಿಗೆ ಕೊಟ್ಟರೆ ಕೇಳಿದವರು ಏನೆಂದುಕೊಂಡಾರು?"

ಸಭೆಯೆಲ್ಲ ಮೈಕುವಿನತ್ತ ತಿರುಗಿತು. ಅವನ ಹೆಬ್ಬೆರಳು ಕೆಂಪು ದೀಪದ ಗುಂಡಿಯ ಮೇಲೆ ಹೋಗಿ ಕೂತಿತು. ಮೇಲಿನ ಪ್ರೇಕ್ಷಕರ ಸಾಲಿನಿಂದ ಭಾವಮೈದನ ಕೆಮ್ಮು ಕೇಳಿತು. ಹೆಬ್ಬೆರಳು ವಾಪಸ್ಸು ಬಂತು. "ಸೇತುವೆಗಾಗಿ ಸೇತುವೆಯನ್ನೇ ಕೇಳದ ತ್ಯಾಗಿ" ಎಂದು ಮರುದಿನದ ಪೇಪರು ಬರೆಯಿತು. ಊರಿನ ಜನ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರು. ಹಲಗೆಯ ಮೇಲೆ ಎಡವಿ ಬಿದ್ದವರೂ ಎದ್ದು ಮೈ ಕೊಡವಿಕೊಂಡು, "ಏನೇ ಹೇಳಿ, ನಮ್ಮ ಶಾಸಕರು ಮಾತಿಗೆ ತಪ್ಪೋರಲ್ಲ" ಎನ್ನುತ್ತಿದ್ದರು. ಮಾತೇ ಆಡದವನು ಮಾತಿಗೆ ತಪ್ಪುವುದು ಹೇಗೆ ಎಂದು ಕೇಳುವ ಕಿಡಿಗೇಡಿ ಒಬ್ಬನೂ ಆ ಕ್ಷೇತ್ರದಲ್ಲಿ ಇರಲಿಲ್ಲ.

ಮನೆಯಲ್ಲೂ ಮಾತು ನಿಂತಿತು. ಗೋಡೆಗಳು ತೆಳು, ಆಚೆ ಟೀಚರಮ್ಮ. ಏನಾದರೂ ಹೇಳಬೇಕಿದ್ದರೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಪಿಸುಗುಟ್ಟಬೇಕು. "ಊರಿಗೆಲ್ಲ ಕೂಗ್ತಿದ್ದ ಗಂಡ, ಈಗ ಉಪ್ಪು ಬೇಕಂದ್ರೂ ನಲ್ಲಿ ತಿರುಗಿಸ್ತಾನೆ" ಎಂದು ಹೆಂಡತಿ ಮೊದಲು ನಗುತ್ತಿದ್ದಳು, ಆಮೇಲೆ ನಗುವುದನ್ನು ಬಿಟ್ಟಳು. ವ್ಯಾನಿನಲ್ಲಿ ಈಗ ಕೂಲಿಯ ಹುಡುಗಿಯೊಬ್ಬಳ ದನಿಯ ರೆಕಾರ್ಡು ಹಾಕಿ ಯಾರೋ ಬಾಡಿಗೆಗೆ ಓಡಿಸುತ್ತಿದ್ದರು.

ಮಾವ ಮಾತ್ರ ದಿನವೂ ಊಟಕ್ಕೆ ಕೂತಾಗ ಕೇಳುತ್ತಿದ್ದರು.

"ಅಳಿಯ ಎಲ್ಲಮ್ಮಾ? ದನಿಯೇ ಕೇಳ್ತಾ ಇಲ್ಲ. ಊರಿಗೆ ಹೋಗಿದ್ದಾನಾ?"

"ಇಲ್ಲೇ ಕೂತಿದ್ದಾರಲ್ಲಪ್ಪಾ, ನಿಮ್ಮ ಎದುರಿಗೇ."

ಮಾವ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಬಿಳಿ ಬಟ್ಟೆ ತೊಟ್ಟ ಯಾರೋ ಮನುಷ್ಯ ತಲೆಯಾಡಿಸುತ್ತಿದ್ದ. "ಓಹೋ, ನಮಸ್ಕಾರ" ಎಂದು ಮರ್ಯಾದೆಯಿಂದ ಹೇಳಿ, ಮಗಳತ್ತ ಬಾಗಿ, "ಯಾರಮ್ಮ ಇವರು? ಊಟಕ್ಕೆ ಪಾಪ ದಿನಾ ಬರ್ತಾರೆ" ಎನ್ನುತ್ತಿದ್ದರು. ಮೈಕು ತಟ್ಟೆಯ ಅನ್ನ ಕಲಸುತ್ತಲೇ ಇರುತ್ತಿದ್ದ. 'ಮಾವಾ' ಎಂದು ಒಂದು ಸಲ ಕೂಗಿದ್ದರೆ ಆಗಿಹೋಗುತ್ತಿತ್ತು. ಮುಂದಿನ ಬಜೆಟ್ಟು ಆಗಲಿ, ಸೇತುವೆ ಬರಲಿ, ಆಮೇಲೆ ಮನಸಾರೆ ಕೂಗುತ್ತೇನೆ ಎಂದುಕೊಂಡು ಕೈತೊಳೆಯಲು ಏಳುತ್ತಿದ್ದ. ಹೀಗೇ ಬಜೆಟ್ಟಿನ ಮೇಲೆ ಬಜೆಟ್ಟು ಹೋದವು.

ಮಾವ ಮನೆಬಿಟ್ಟು ಹೋಗುವುದೂ ಹೆಚ್ಚಿತು. ಹುಡುಕಿದರೆ ಸಾಮಾನ್ಯವಾಗಿ ಪಾರ್ಕಿನಲ್ಲೋ ಬೇಕರಿಯ ಮುಂದೋ ಸಿಗುತ್ತಿದ್ದರು. ಒಂದು ದಿನ ಸಿಗಲಿಲ್ಲ. ಬೆಳಿಗ್ಗೆ ಹೋದವರು ಮಧ್ಯಾಹ್ನವಾದರೂ ಇಲ್ಲ. ಪಾರ್ಕು ನೋಡಿದರು, ಸ್ಟೇಷನ್ನು ನೋಡಿದರು. ಬೇಕರಿಯವನು ಓಡಿ ಬಂದು, ಮೇಲಿನಿಂದ ಕಾಲುವೆಗೆ ನೀರು ಬಿಟ್ಟಿದ್ದಾರೆ, ಹಲಗೆ ದಾರಿಯ ಒಂದು ಕಡೆ ಕಿತ್ತುಹೋಗಿದೆಯಂತೆ ಎಂದ. ಹೆಂಡತಿ ನಡುಮನೆಯಲ್ಲೇ ಕುಸಿದು ಕೂತಳು.

"ರೀ, ನೀವು ಕೂಗಿ. ನಿಮ್ಮ ದನಿ ಕೇಳಿದ್ರೆ ಎಲ್ಲಿದ್ರೂ ಬರ್ತಾರೆ."

ಭಾವಮೈದ ಅಡ್ಡ ಬಂದ. "ಅಕ್ಕಾ, ಒಂದೇ ನಿಮಿಷ. ಮುಂದಿನ ವಾರದ ಬಜೆಟ್ಟಲ್ಲಿ ಸೇತುವೆ ಇದೆ ಅಂತ ಸುದ್ದಿ ಬಂದಿದೆ. ಇಷ್ಟು ವರ್ಷ ತಡ್ಕೊಂಡು ಈಗ ಬಾಯಿಬಿಟ್ರೆ ಎಲ್ಲ ನೀರಲ್ಲಿ ಹೋಮ. ಬಾಡಿಗೆಗೆ ಕೂಗೋರನ್ನ ಕರೆಸಿದ್ದೀನಿ, ಅವರೇ..."

"ನೀರಿನ ಸುದ್ದಿ ಎತ್ತಬೇಡ! ನಮ್ಮಪ್ಪ ಕಣೋ! ನಿನಗೂ ಅಪ್ಪ!"

ಮೈಕುವಿನ ಹಳೆಯ ವ್ಯಾನಿನಲ್ಲೇ ಬಾಡಿಗೆಯವನು ಬಂದ. ಒಳ್ಳೆಯ ಕೂಗುಗಾರನೇ. "ನಿವೃತ್ತ ರೈಲ್ವೆ ಗಾರ್ಡರೂ, ಮಾನ್ಯ ಶಾಸಕರ ಪೂಜ್ಯ ಮಾವನವರೂ ಆದ" ಎಂದು ಶುರುಮಾಡಿ, ಹೆಸರು, ಎತ್ತರ, ಕೋಲಿನ ಬಣ್ಣ ಎಲ್ಲ ಹೇಳಿ ಊರು ಸುತ್ತಿದ. ಯಾರೂ ಬರಲಿಲ್ಲ. ಅವನು ಊರು ಸುತ್ತುವಷ್ಟು ಹೊತ್ತೂ ಮೈಕು ಕುರ್ಚಿಯಲ್ಲಿ ಕೂತು ಬೀಗವನ್ನು ತಿರುಗಿಸುತ್ತ ಇದ್ದ. ಆ ಹೊತ್ತನ್ನು ನೆನೆದರೆ ಅವನಿಗೆ ಇಂದಿಗೂ ಮೈ ಬೆವರುತ್ತದೆ. ಎದ್ದುಬಿಡಬೇಕಿತ್ತು, ಏಳಲಿಲ್ಲ. ವ್ಯಾನು ಬರಿಗೈಲಿ ಬಾಗಿಲಿಗೆ ಬಂದು ನಿಂತಾಗ, ಹೆಂಡತಿ ಅವನ ಮುಖ ನೋಡಲಿಲ್ಲ, ಗೋಡೆ ನೋಡಿದಳು. ಆಗ ಎದ್ದ.

ಬಾಡಿಗೆಯವನ ಕೈಯಲ್ಲಿದ್ದ ಮೈಕನ್ನು ಕಸಿದುಕೊಂಡು ಸೀಟಿಗೆ ಹಾರಿದ. ವ್ಯಾನು ಹೊರಟಿತು. ಬಾಯಿ ತೆರೆದ.

"ಮಾ..."

ಅದು ದನಿಯೇ ಅಲ್ಲ. ತುಕ್ಕು ಹಿಡಿದ ಗೇಟು ತೆರೆದ ಹಾಗಿತ್ತು. ಎಷ್ಟೋ ವರ್ಷ ನಲ್ಲಿಯ ಸದ್ದಿನಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ, ಎದೆಯಿಂದ ದನಿ ತರುವುದೇ ಮರೆತುಹೋಗಿತ್ತು. ಮತ್ತೆ ಎಳೆದ. "ಮಾವಾ, ಕಾಫಿ ಆರಿ ಹೋಗ್ತಾ ಇದೆ, ಮನೆಗೆ ಬನ್ನೀ..."

ಬೀದಿಯ ಬಾಗಿಲುಗಳೆಲ್ಲ ತೆರೆದವು.

"ಶಾಸಕರ ದನಿ ಅಲ್ವಾ?" ಎಂದರು ಟೀಚರಮ್ಮ. "ಮಾತಾಡಿದ್ರು! ಮಾತಾಡಿಬಿಟ್ರು!"

"ಮಾತಾಡಿದ್ರಾ?" ಬೇಕರಿಯವನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. "ಅಂದ್ರೆ ಸೇತುವೆ ಬಂತು!"

"ಎಲ್ಲಿ ಬಂತು?"

"ಕಾಲುವೆ ಹತ್ರ! ಇನ್ನೆಲ್ಲಿ ಬರುತ್ತೆ?"

ಸೇತುವೆ ಬಂತಂತೆ, ಸೇತುವೆ ಬಂತಂತೆ ಎಂದು ಬೀದಿಯಿಂದ ಬೀದಿಗೆ ಕೂಗು ಹೋಯಿತು. ಅಂಗಡಿಗಳು ಮುಚ್ಚಿದವು, ಶಾಲೆ ಬಿಟ್ಟಿತು, ಆಸ್ಪತ್ರೆಯಲ್ಲಿ ಮಲಗಿದ್ದವರೂ ಒಂದಿಬ್ಬರು ಎದ್ದರು. ಇಡೀ ಊರು ಸೇತುವೆ ನೋಡಲು ಕಾಲುವೆಯತ್ತ ಓಡಿತು. ಮೈಕು ಅಳುತ್ತ ಕೂಗುತ್ತಿದ್ದ, ಜನ ವ್ಯಾನಿನ ಎರಡೂ ಬದಿಗೆ ಚಪ್ಪಾಳೆ ಹೊಡೆಯುತ್ತ ಓಡುತ್ತಿದ್ದರು.

ಕಾಲುವೆಯಲ್ಲಿ ಸೇತುವೆ ಇರಲಿಲ್ಲ. ಕಿತ್ತುಹೋದ ಹಲಗೆಯ ಈಚೆ ದಡದಲ್ಲಿ, ಕಲ್ಲಿನ ಮೇಲೆ, ಕೋಲನ್ನು ಮಂಡಿಗೆ ಆನಿಸಿಕೊಂಡು ಮಾವ ಕೂತಿದ್ದರು. ಜನ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಸೇತುವೆ ಎಲ್ರೀ?" ಎಂದ ಬೇಕರಿಯವನು.

ಭಾವಮೈದ ಏದುಸಿರು ಬಿಡುತ್ತ ಬಂದು ಅಪ್ಪನ ಕಾಲ ಬಳಿ ಕೂತುಬಿಟ್ಟ. ಜನಕ್ಕೆ ತಿಳಿಯಿತು. ಮೌನ ಮುರಿದಿದೆ, ಸೇತುವೆ ಬಂದಿಲ್ಲ. "ಇಷ್ಟೇನಾ? ಇನ್ನೊಂದು ವಾರ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ?" ಎಂದು ಯಾರೋ ಅಂದರು. ಟೀಚರಮ್ಮ ಕೊಡೆ ಬಿಚ್ಚಿ ಮನೆ ಕಡೆ ತಿರುಗಿದರು. ಬಂದಷ್ಟೇ ವೇಗವಾಗಿ ಜನ ಕರಗಿದರು. ಮುಂದಿನ ಚುನಾವಣೆ ಅಲ್ಲೇ, ಆ ದಡದಲ್ಲೇ ಮುಗಿದುಹೋಯಿತು. ಮತಪೆಟ್ಟಿಗೆ ಇಟ್ಟದ್ದು ಬರೀ ಶಾಸ್ತ್ರಕ್ಕೆ.

ಮೈಕುವಿನ ಕಿವಿಗೆ ಅದೊಂದೂ ಬೀಳಲಿಲ್ಲ. ಮಾವನ ಮುಂದೆ ಮಂಡಿಯೂರಿದ.

"ಮಾವಾ, ಇಷ್ಟು ಹೊತ್ತು ಇಲ್ಲಿ ಯಾಕೆ ಕೂತಿದ್ರಿ? ಅವರು ಕೂಗ್ತಾ ಹೋದ್ರಲ್ಲ, ಕೇಳಿಸಲಿಲ್ವಾ?"

"ಕೇಳಿಸ್ತು. ಯಾರೋ ಯಾರನ್ನೋ ಕರೀತಿದ್ದ," ಎಂದರು ಮಾವ. "ನಮ್ಮ ಅಳಿಯ ಕರೀಲಿ ಅಂತ ಕಾಯ್ತಾ ಇದ್ದೀನಿ. ದಿನಾ ಒಂದೊಂದು ಕಡೆ ಕೂತು ನೋಡ್ದೆ. ಇಲ್ಲಿಗಾದ್ರೂ ಕೇಳಿಸುತ್ತೇನೋ ಅಂತ ಬಂದೆ."

"ನಾನೇ ಮಾವಾ. ನಾನೇ ಅಳಿಯ."

ಮಾವ ತಲೆ ಓರೆ ಮಾಡಿ ಕೇಳಿಸಿಕೊಂಡರು. ಗಾರ್ಡ್ ಆಗಿದ್ದಾಗ ದೂರದ ಗಾಡಿಗೆ ಕಿವಿಗೊಡುತ್ತಿದ್ದ ರೀತಿಯದು.

"ಇಲ್ಲ ಬಿಡಿ," ಎಂದರು ಮೆಲ್ಲಗೆ, ಬೇಜಾರು ಮಾಡಬಾರದೆಂಬಂತೆ. "ಸ್ವಲ್ಪ ಅವನ ಹಾಗೇ ಇದೆ ನಿಮ್ಮ ದನಿ. ಅದಕ್ಕೇ ಎದ್ದು ಬರೋಣ ಅಂತ ಅರ್ಧ ಎದ್ದಿದ್ದೆ. ಏನು ನಿಮ್ಮ ಹೆಸರು?"

ಕೈಯಲ್ಲಿ ಮೈಕು ಇತ್ತು, ಬ್ಯಾಟರಿ ಓಡುತ್ತಲೇ ಇತ್ತು. ಹೆಸರೇನೆಂದು ಅವನನ್ನು ಕೇಳಿದವರು ಇವರೊಬ್ಬರೇ. ಅವನು ಗುಂಡಿ ಒತ್ತಿ ಅದನ್ನು ಆರಿಸಿದ.

"ಮೈಕು ಅಂತಾರೆ."

"ಅದೇ ಹೆಸರು ನಮ್ಮವನದೂ!" ಮಾವನ ಮುಖ ಅರಳಿತು. ಆ ಒಂದು ಕಾರಣಕ್ಕೇ ನಂಬಿಕೆ ಬಂದವರಂತೆ ಅವನ ಭುಜ ಹಿಡಿದು ಎದ್ದರು. ಅಪ್ಪನ ಇನ್ನೊಂದು ತೋಳನ್ನು ಮಗ ಹಿಡಿದುಕೊಂಡ. ವ್ಯಾನಿನಲ್ಲಿ ಕೂತ ಮೇಲೆ ಮಾವ ಸೀಟಿನ ಪಕ್ಕಕ್ಕೆ ಕೈ ಹಾಕಿ ತಡಕಾಡಿದರು. ಅಲ್ಲಿ ಏನೂ ಇರಲಿಲ್ಲ. ಖಾಲಿ ಜಾಗವನ್ನೇ ಒಂದೆರಡು ಸಲ ಸವರಿ ನೋಡಿ, ಮೈಕುವಿನ ಕಡೆ ತಿರುಗಿದರು.

"ನಮ್ಮ ಅಳಿಯ ಇಲ್ಲೊಂದು ಫ್ಲಾಸ್ಕು ಇಟ್ಕೋತಿದ್ದ. ಬೀದಿಗೊಂದು ಗುಟುಕು ಕುಡೀತಿದ್ದ," ಎಂದರು. "ನೀವೂ ಹಾಗೆ ಮಾಡಿದ್ರೆ ಚೆನ್ನಾಗಿತ್ತು. ದನಿ ಉಳೀತಿತ್ತು ನೋಡಿ, ಪಾಪ."